ಬದುಕಿ ಬಂದವರ ಸಂಕೋಚ

ಸಾವಿನ ದವಡೆಯಿಂದ ಪಾರಾಗಿ ಬಂದವರು ಇನ್ನೂ ಏನನ್ನಾದರೂ ಬಯಸಿದರೆ ಅದು ಕೃತಘ್ನತೆಯಾಗುವುದೇ? ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಮರಳಿದ ಎಷ್ಟೋ ಗಂಡಸರನ್ನೂ ಹೆಂಗಸರನ್ನೂ ಈ ಪ್ರಶ್ನೆ ಒಳಗೊಳಗೇ ಕಾಡುತ್ತದೆ. ಹಸಿವಿಲ್ಲ, ನಿದ್ದೆಯಿಲ್ಲ ಎಂದು ಅವರು ಧೈರ್ಯವಾಗಿ ಹೇಳಿಕೊಳ್ಳುತ್ತಾರೆ. ಗಂಡಹೆಂಡಿರ ಕೂಟದ ವಿಷಯಕ್ಕೆ ಬಂದಾಗ ಮಾತ್ರ, 'ಪ್ರಾಣ ಉಳಿಯಿತಲ್ಲ, ಸಾಕು' ಎಂದು ಸುಮ್ಮನಾಗುತ್ತಾರೆ. ಈ 'ಸಾಕು' ಎಂಬುದು ವೈರಾಗ್ಯವೋ, ಬರಿಯ ಸಂಕೋಚವೋ?

ನಮ್ಮ ಬೆನ್ಸನ್ ಟೌನನ್ನೇ ನೋಡಿ. ಮಿಲ್ಲರ್ಸ್ ರಸ್ತೆಯಲ್ಲಿ ಈದ್ಗಾ ಮೈದಾನವಿದೆ, ಆರ್ಚ್‌ಬಿಷಪ್ಪರ ನಿವಾಸವಿದೆ. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ದಖನಿ, ಇಂಗ್ಲಿಷು ಎಲ್ಲವೂ ಕಿವಿಗೆ ಬೀಳುತ್ತವೆ. 1973ರಲ್ಲಿ ಆರಂಭವಾದ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆಗಾಗಲಿ, ಬೇರೆ ಆಸ್ಪತ್ರೆಗಾಗಲಿ ಇಲ್ಲಿಂದ ಹೊರಟ ತಾಯಿಗೆ ಮನೆಮಾತೊಂದೇ ಗೊತ್ತಿದ್ದರೆ, ಮಗನೇ ದುಭಾಷಿ. ಜ್ವರ, ನೋವು, ವಾಂತಿ ಎಲ್ಲವನ್ನೂ ಅವನು ಎರಡೂ ಕಡೆಗೆ ದಾಟಿಸಿಕೊಡುತ್ತಾನೆ. ಆದರೆ ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ, ಜನ 'ಕರೆಂಟು ಕೊಡುವುದು' ಎನ್ನುವ ವಿಕಿರಣ ಚಿಕಿತ್ಸೆಯಾದ ಮೇಲೆ ಯೋನಿ ಒಣಗಿ ಕಿರಿದಾಗಬಹುದು, ಕೂಡುವಾಗ ನೋವಾಗಬಹುದು, ಅದಕ್ಕೆ ಹಿಗ್ಗಿಸುವ ಸಾಧನವೂ ಸವರಿಕೊಳ್ಳುವ ಲೇಪವೂ ಉಂಟು ಎಂಬುದನ್ನು ಯಾವ ಮಗ ಹೇಳಿಯಾನು? ಯಾವ ತಾಯಿ ಕೇಳಿಸಿಕೊಂಡಾಳು? ಅಕ್ಕರೆಯಿಂದ ಜೊತೆಗೆ ಬಂದವನೇ ಅಲ್ಲಿ ಅಡ್ಡಗೋಡೆಯಾಗುತ್ತಾನೆ. ಅವನನ್ನು ದೂರುವುದು ಅನ್ಯಾಯ. ಐದು ನಿಮಿಷ ಹೊರಗಿರಪ್ಪಾ ಎಂದು ಅವನಿಗೆ ಹೇಳಿ, ಆಕೆಯ ಭಾಷೆ ಬಲ್ಲ ದಾದಿಯೊಬ್ಬಳನ್ನು ಕರೆಯಬೇಕಾದವರು ವೈದ್ಯರು.

ಗಂಡಸರ ಪಾಡೂ ಅಷ್ಟೇ. ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಯುವಾಗ ಅದರ ಪಕ್ಕದ ನರಗಳಿಗೆ ಪೆಟ್ಟಾದರೆ ನಿಮಿರುವ ಶಕ್ತಿ ಕುಂದುತ್ತದೆ. 1982ರಲ್ಲಿ ಅಮೆರಿಕದ ಪ್ಯಾಟ್ರಿಕ್ ವಾಲ್ಷ್ ಎಂಬ ಶಸ್ತ್ರವೈದ್ಯರು ಆ ನರಗಳನ್ನು ಉಳಿಸಿ ಗ್ರಂಥಿಯನ್ನು ತೆಗೆಯುವ ವಿಧಾನವನ್ನು ನಡೆಸಿ ತೋರಿಸಿದರು. ಎಲ್ಲರಲ್ಲಿಯೂ ಅದು ಸಾಧ್ಯವಾಗದು. ಗಂಡುಹಾರ್ಮೋನನ್ನು ತಗ್ಗಿಸುವ ಔಷಧವಂತೂ ಬಯಕೆಯನ್ನೇ ಕುಗ್ಗಿಸುತ್ತದೆ. ಆಗ ಗಂಡ, ಮುಗಿಸಲಾರದ್ದನ್ನು ಆರಂಭಿಸುವುದೇಕೆಂದು ಹೆಂಡತಿಯ ಕೈಯನ್ನೂ ಹಿಡಿಯುವುದಿಲ್ಲ. ತನ್ನ ಮೇಲೆ ಮನಸ್ಸು ಹೋಯಿತೆಂದು ಆಕೆ ತಿಳಿಯುತ್ತಾಳೆ. ಮೊಲೆ ತೆಗೆಸಿಕೊಂಡವಳ ಗಂಡ ನೋವಾದೀತೆಂದು ದೂರ ಮಲಗುತ್ತಾನೆ. ಆಕೆಗೆ ಅದು ಹೇಸಿಗೆಯಂತೆ ಕಾಣುತ್ತದೆ. ಒಬ್ಬರನ್ನೊಬ್ಬರು ಕಾಪಾಡಲು ಹೋಗಿಯೇ ಇಬ್ಬರೂ ಒಂಟಿಯಾಗುತ್ತಾರೆ.

ಅರವತ್ತು ದಾಟಿದವರಿಗೆ ಇದೆಲ್ಲ ಏಕೆ, ವಾನಪ್ರಸ್ಥದ ವಯಸ್ಸಲ್ಲವೇ ಎನ್ನುವವರುಂಟು. ವಾನಪ್ರಸ್ಥಕ್ಕೆ ಹೋಗುವವನು ತಾನಾಗಿ ಹೋಗುತ್ತಾನೆ. ಅರಿವಳಿಕೆ ಕೊಟ್ಟು ಮಲಗಿಸಿ ಯಾರೂ ಅವನನ್ನು ಕಾಡಿಗೆ ಸಾಗಿಸುವುದಿಲ್ಲ. ಇಂಥದೊಂದು ಹೋಗಬಹುದೆಂದು ಮೊದಲೇ ತಿಳಿದು, 'ಹೋಗಲಿ, ಜೀವ ಉಳಿಸಿ' ಎಂದವನು ನಿಜವಾಗಿಯೂ ಏನನ್ನೋ ಬಿಟ್ಟುಕೊಟ್ಟಿದ್ದಾನೆ. ಏನೂ ಹೇಳಿಸಿಕೊಳ್ಳದೆ ಕಳೆದುಕೊಂಡವನಿಗೆ ವೈರಾಗ್ಯದ ಉಪದೇಶ ಮಾಡುವುದು ಕ್ರೂರವೆಂದೇ ನನಗೆ ತೋರುತ್ತದೆ. ಮಕ್ಕಳಾಗಬೇಕಾದ ಕಿರಿಯರ ವಿಷಯದಲ್ಲಂತೂ ಕಾಲವೇ ಮುಖ್ಯ: ವೀರ್ಯವನ್ನೋ ಅಂಡವನ್ನೋ ಶೀತದಲ್ಲಿ ತೆಗೆದಿಡಬಹುದೆಂಬ ಮಾತನ್ನು ಔಷಧ ಮೈಸೇರುವ ಮೊದಲೇ ಆಡಬೇಕು.

ಕೇಳಿದಾಗ 'ನನಗೆ ಬೇಡ' ಎನ್ನುವವರೂ ಇದ್ದಾರೆ. ಅವರನ್ನು ಒತ್ತಾಯಿಸಬೇಕಾದ್ದೂ ಇಲ್ಲ. ಆದರೆ ಕ್ಯಾನ್ಸರ್ ಒಬ್ಬರಿಂದೊಬ್ಬರಿಗೆ ಅಂಟೀತೆಂದೋ, ಹೊರಗಿನಿಂದ ಕೊಟ್ಟ ಕರೆಂಟು ಮೈಯಲ್ಲಿ ಉಳಿದು ಗಂಡನಿಗೂ ತಗುಲೀತೆಂದೋ ಹೆದರಿ ಬೇರೆ ಮಲಗುವವರು ಅವರಿಗಿಂತ ಬೇರೆ. ಕ್ಯಾನ್ಸರ್ ಹಾಗೆ ಅಂಟುವುದಿಲ್ಲ, ಆ ಕರೆಂಟು ಮೈಯಲ್ಲಿ ಉಳಿಯುವುದೂ ಇಲ್ಲ. ಇದನ್ನು ಅವರಿಗೆ ಹೇಳಲು, ಮಗ ಹೊರಗಿದ್ದ ಆ ಐದು ನಿಮಿಷವೇ ಸಾಕಾಗುತ್ತದೆ.