ದಾಸ್ಯದಿಂದ ಸಖ್ಯಕ್ಕೆ

ಮಿಯಾಪುರದಂತಹ ಬಡಾವಣೆಯಲ್ಲಿ ದಾಸರ ಪದ ಕೇಳಿಬರುವ ಮನೆಯ ಎದುರಿಗೇ ಬೈಬಲ್ ಓದುವ ಕನ್ನಡದ ಮನೆಯಿರುವುದು ಅಸಂಭವವೇನಲ್ಲ. ಈ ಎರಡು ಬಾಗಿಲುಗಳ ನಡುವಣ ದೂರವೆಷ್ಟು?

ಭಾಗವತವು ಹೇಳುವ ನವವಿಧಭಕ್ತಿಯಲ್ಲಿ ದಾಸ್ಯದ ಮುಂದಿನದು ಸಖ್ಯ. ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯೂ ಶಿಷ್ಯರನ್ನು ಇನ್ನು ಆಳುಗಳೆನ್ನದೆ ಸ್ನೇಹಿತರೆಂದು ಕರೆಯುತ್ತಾನೆ. ಒಡೆಯನ ಮನಸ್ಸು ಆಳಿಗೆ ತಿಳಿಯದು. ತಂದೆಯಿಂದ ಕೇಳಿದ್ದೆಲ್ಲವನ್ನೂ ಆತನು ಇವರಿಗೆ ತಿಳಿಸಿದ್ದಾನೆ. ಹಾಗಿದ್ದಲ್ಲಿ ಶಾಸ್ತ್ರಾಧ್ಯಯನವು ಬರಿಯ ನಿತ್ಯವಿಧಿಯಲ್ಲ; ಗೆಳೆಯನು ಬಿಚ್ಚಿಟ್ಟ ಅಂತರಂಗವನ್ನು ಅರಿಯುವ ಸಲಿಗೆ. ಎಷ್ಟೋ ಭಕ್ತರು ಆಳುಗಳಂತೆ ಪುಟ ಮಗುಚಿ ಏಳುತ್ತಾರೆಂಬುದು ಬೇರೆ ಮಾತು.

ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ಮಂಗಳೂರಿಗೆ ಬಂದದ್ದು ಮತಬೋಧನೆಗಾಗಿಯೇ. 1844ರಲ್ಲಿ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ಕ್ರೈಸ್ತರಾಗಿ, ಗುರುವೂ ಗೆಳೆಯರೂ ಆದ ಮೋಗ್ಲಿಂಗರ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಎನಿಸಿದರು. ಊರಿನಲ್ಲಿ ಕೋಲಾಹಲವೆದ್ದಿತು. ಒಂದು ಸ್ನೇಹ ಬೆಳೆದಾಗ ಒಂದು ಮನೆ ನೊಂದಿತೆಂಬುದನ್ನು ಮರೆಮಾಚಲಾಗದು.

ಆದರೆ ಅದೇ ಮೋಗ್ಲಿಂಗರು 1850ರಲ್ಲಿ ಅಚ್ಚು ಹಾಕಿಸಿದ್ದು ದಾಸರ ಪದಗಳನ್ನು! ಜೈಮಿನಿ ಭಾರತ, ಬಸವಪುರಾಣಗಳೂ ಅವರ ಗ್ರಂಥಮಾಲೆಯಲ್ಲಿ ಹೊರಬಂದವು. ತಮ್ಮ ವಿಶ್ವಾಸವನ್ನು ಅವರು ಕಿಂಚಿತ್ತೂ ಸಡಿಲಿಸಲಿಲ್ಲ. ಎದುರು ಮನೆಯವರ ಮಾತನ್ನು ಮಾತ್ರ ಅಕ್ಷರ ಅಕ್ಷರವಾಗಿ ಕೇಳಿಸಿಕೊಂಡರು.

ನವರಾತ್ರಿಯಲ್ಲಿ ಗೊಂಬೆ ನೋಡಲು ಎದುರು ಮನೆಯ ಕ್ರೈಸ್ತ ದಂಪತಿಗಳು ಬರುತ್ತಾರೆ, ಚರುಪು ಸ್ವೀಕರಿಸುತ್ತಾರೆ. ಅವರು ದಿನವೂ ಓದುವ ಆ ಪುಸ್ತಕದಲ್ಲಿ ಏನಿದೆಯೆಂದು ಅವರನ್ನು ಕೂರಿಸಿ ಕೇಳಿದವರೆಷ್ಟು ಮಂದಿ?