ನೋವುಂಡವರ ಮಾತಿಗೆ ಬೆಲೆಯೆಷ್ಟು?

ಮೈಗೆ ಕಾಯಿಲೆಯಾದರೆ ವೈದ್ಯರು ಮೊದಲು ಕೇಳುವುದು ರೋಗಿಯನ್ನೇ: ಎಲ್ಲಿ ನೋವು, ಎಂದಿನಿಂದ? ಮನಸ್ಸಿಗೆ ಕಾಯಿಲೆಯಾದರೆ ಪ್ರಶ್ನೆ ಮಗ್ಗುಲಲ್ಲಿ ಕುಳಿತ ಗಂಡನತ್ತಲೋ ಅಣ್ಣನತ್ತಲೋ ತಿರುಗುತ್ತದೆ. ಬುದ್ಧಿಯೇ ಕದಡಿರುವವರ ಮಾತನ್ನು ನಂಬುವುದು ಹೇಗೆ ಎಂಬುದು ನಮ್ಮೆಲ್ಲರ ಒಳಗಿನ ತರ್ಕ. ಅದು ಸರಿಯೇ?

ಇದನ್ನು ನಮ್ಮ ಪುಣೆಯಲ್ಲೇ ಬಿಡದೆ ಕೇಳಿದವರು ಭಾರ್ಗವಿ ದಾವರ್. ಅವರ ತಾಯಿಯನ್ನು ಮಾನಸಿಕ ಆಸ್ಪತ್ರೆಗಳಲ್ಲಿ ಇರಿಸಲಾಗಿತ್ತು. ಬಾಲ್ಯದಲ್ಲಿ ಅಲ್ಲಿ ಕಂಡದ್ದನ್ನು ಮಗಳು ಮರೆಯಲಿಲ್ಲ. ಮುಂದೆ ತತ್ತ್ವಶಾಸ್ತ್ರ ಓದಿ, ಭಾರತೀಯ ಸ್ತ್ರೀಯರ ಮಾನಸಿಕ ಆರೋಗ್ಯವನ್ನು ಕುರಿತು ೧೯೯೯ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅದೇ ವರ್ಷ ಇಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಗೆ ಇಟ್ಟದ್ದು ತಾಯಿಯ ಹೆಸರನ್ನೇ: ಬಾಪು ಟ್ರಸ್ಟ್. ಇಂಥ ಸಂಸ್ಥೆಗಳಿಗೆ ದಾನಿಯ ಹೆಸರೋ ವೈದ್ಯರ ಹೆಸರೋ ಇರುವುದು ವಾಡಿಕೆ. ರೋಗಿಯೆನಿಸಿಕೊಂಡವಳ ಹೆಸರು ಅಪರೂಪ. ೨೦೨೪ರಲ್ಲಿ ಭಾರ್ಗವಿಯವರು ತೀರಿಕೊಂಡರು.

ಯಾರನ್ನೂ ಬಲವಂತದಿಂದ ಆಸ್ಪತ್ರೆಗೆ ಸೇರಿಸಕೂಡದು, ಬಲವಂತದ ಚಿಕಿತ್ಸೆ ಚಿಕಿತ್ಸೆಯೇ ಅಲ್ಲ ಎಂಬುದು ಅವರ ನಿಲುವು. ಒಪ್ಪುವುದು ಸುಲಭವಲ್ಲ. ನಾಲ್ಕು ದಿನ ಅನ್ನ ಮುಟ್ಟದೆ ಬಾಗಿಲು ಹಾಕಿಕೊಂಡ ಮಗನ ತಾಯಿಗೆ ಈ ಮಾತು ಹೇಳಿ ನೋಡಿ! ಆಕೆಯ ನೋವೂ ಅನುಭವವೇ. ಇದೇ ಊರಿನ ಸ್ಕಿಜೋಫ್ರೇನಿಯಾ ಜಾಗೃತಿ ಸಂಸ್ಥೆ ಅಂಥ ಅನುಭವದಿಂದಲೇ ಹುಟ್ಟಿತು. ಸ್ಥಾಪಿಸಿದ ಜಗನ್ನಾಥ ವಾಣಿಯವರ ಪತ್ನಿಗೆ ಆ ಕಾಯಿಲೆಯಿತ್ತು. ೨೦೦೪ರ 'ದೇವರಾಯಿ' ಮರಾಠಿ ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಅಣ್ಣನ ಕಾಯಿಲೆಯೊಡನೆ ತಂಗಿಯ ಬವಣೆಯೂ ಅಲ್ಲಿದೆ.

ಆದರೂ ಒಂದು ವ್ಯತ್ಯಾಸವನ್ನು ಮರೆಯಲಾಗದು. ಮನೆಯವರು ದಣಿದಾಗ ಹೊರಗೆ ಹೋಗಿ ಬರಬಲ್ಲರು, ಕೂಡಿಹಾಕಿದವನು ಹೋಗಲಾರ. ೨೦೦೧ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದು ೨೮ ಮಂದಿ ಸತ್ತರು. ಸರಪಳಿ ಬಿಗಿದಿದ್ದರಿಂದ ಓಡಲಾಗಲಿಲ್ಲ. ಅವರಲ್ಲಿ ಬಹುಮಂದಿಯನ್ನು ಅಲ್ಲಿ ಬಿಟ್ಟುಹೋದವರು ಮನೆಯವರೇ, ಗುಣವಾಗಲೆಂಬ ಆಸೆಯಿಂದಲೇ. ಪ್ರೀತಿ ಇದ್ದಲ್ಲಿ ತಪ್ಪು ನಡೆಯದೆಂಬ ಭರವಸೆಯಿಲ್ಲ. ಆದ್ದರಿಂದ ರೋಗಿಯ ಮಾತೇ ಕೊನೆಯದೆಂದು ನಾನು ಹೇಳಲಾರೆ. ಅದು ಮೊದಲನೆಯದಾಗಬೇಕು ಎನ್ನುತ್ತೇನೆ.

೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಇಲ್ಲಿ ಒಂದು ದಾರಿ ತೆರೆದಿದೆ. (ಭಾರ್ಗವಿಯವರಿಗೆ ಅದೂ ಸಾಲದೆನಿಸಿತ್ತು.) ವಯಸ್ಕರು ಯಾರೇ ಆಗಲಿ, ಮುಂದೆ ತಮಗೆ ಮನೋವ್ಯಾಧಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಮೊದಲೇ ಬರೆದಿಡಬಹುದು. ತುರ್ತು ಚಿಕಿತ್ಸೆಗೆ ಅದು ಅನ್ವಯಿಸದು. ಉಳಿದಂತೆ, ವೈದ್ಯರಾಗಲಿ ಬಂಧುಗಳಾಗಲಿ ಅದನ್ನು ಮೀರಬೇಕಾದರೆ ಮಂಡಲಿಯ ಮುಂದೆ ಹೋಗಬೇಕು. ಹಿಂದೆ ಕಾಯಿಲೆ ಬಂದಿರಬೇಕೆಂಬ ಷರತ್ತಿಲ್ಲ. ಹೀಗಾಗಿ, ಸಂಬಂಧ ಕುದುರದೇ ಹೋದೀತೆಂದು ಕಾಯಿಲೆಯ ಸುದ್ದಿಯನ್ನೇ ಮುಚ್ಚಿಡುವ ನಮ್ಮ ಮನೆಗಳಲ್ಲೂ ಇದನ್ನು ಸಂಕೋಚವಿಲ್ಲದೆ ಬರೆಯಬಹುದು.