ನೀರು, ಮಣ್ಣು ಮತ್ತು ಅಚೌರ್ಯಾಣುವ್ರತ

ಶ್ರಾವಕನು ಪರರು ಕೊಡದ ವಸ್ತುವನ್ನು ಮುಟ್ಟಬಾರದೆಂದು ವಿಧಿಸುವ ಪಂಡಿತ ದೌಲತರಾಮರು ತಮ್ಮ ‘ಛಹಢಾಲಾ’ದಲ್ಲಿ ಎರಡು ವಸ್ತುಗಳಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದಾರೆ: ನೀರು ಮತ್ತು ಮಣ್ಣು. ಇವು ಸರ್ವಸಾಧಾರಣವಾದವು, ಯಾರೊಬ್ಬರ ಸ್ವತ್ತೂ ಅಲ್ಲ ಎಂಬುದೇ ಇದರ ಭಾವವಿರಬೇಕು. ಈ ವಿನಾಯಿತಿಯ ಮೇರೆ ಎಲ್ಲಿಯವರೆಗೆ? ನಮ್ಮ ಮಲಪ್ರಭಾ ತೀರದ ಮೆಕ್ಕಲು ಮಣ್ಣನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪಟ್ಟದಕಲ್ಲು, ಐಹೊಳೆಗಳ ಮೂಲಕ ಹರಿದು ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಮಳೆಗಾಲದಲ್ಲಿ ಮೇಲಿನ ಸೀಮೆಯ ಮಣ್ಣು ಕೊಚ್ಚಿ ಬರುತ್ತದೆ. ಹೊಳೆ ದಡ ಮೀರಿ ಹರಡಿದಾಗ ನೀರಿನ ವೇಗ ಕುಗ್ಗಿ, ಮರಳು ಪಾತ್ರದ ಸಮೀಪದಲ್ಲಿಯೂ ನುಣುಪಾದ ಮಣ್ಣು ದೂರದ ಹೊಲಗಳಲ್ಲಿಯೂ ನೆಲೆಸುತ್ತದೆ. ಅದರೊಡನೆ ಬಂದ ಕೊಳೆತ ಎಲೆಯ ಸಾರವೇ ಪ್ರಾಚೀನ ಒಕ್ಕಲಿಗನಿಗೆ ಗೊಬ್ಬರ. ಉಳಿದ ಹಸಿಯೇ ಹಿಂಗಾರಿ ಬೆಳೆಗೆ ಆಧಾರ. ಕ್ರಿ.ಶ. 634ರಲ್ಲಿ ರವಿಕೀರ್ತಿಯು ಐಹೊಳೆಯ ಮೇಗುಟಿ ಜಿನಾಲಯವನ್ನು ಕಟ್ಟಿಸಿದಾಗ ಕಲ್ಲು ಕಡೆದವರಿಗೂ, ಮುಂದೆ ಅದೇ ಊರಿನ ಹೆಸರು ಹೊತ್ತು ದೇಶಾಂತರ ವ್ಯಾಪಾರ ನಡೆಸಿದ ಐನೂರ್ವರಿಗೂ ಅನ್ನವಿತ್ತ ನೆಲಗಳಲ್ಲಿ ಈ ಕಣಿವೆಯೂ ಸೇರಿರಲೇಬೇಕು.

ಕೆಳಗಿನವನಿಗೆ ಲಾಭವಾದ ಮಣ್ಣು ಮೇಲಿನವನಿಗೆ ನಷ್ಟವಾದುದಲ್ಲವೇ? ಅಹುದು. ಆದರೆ ಪ್ರಮತ್ತಯೋಗವಿಲ್ಲದೆ ಕಳವಿನ ದೋಷವಿಲ್ಲ. ಎಲ್ಲರಿಗೂ ತೆರೆದ ಬೀದಿಯಲ್ಲಿ ನಡೆಯುವ ಮುನಿಗೆ ಅದತ್ತಾದಾನದ ದೋಷ ತಗಲದೆಂದು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ತಿಳಿಸಿದ್ದಾರೆ. ಒಕ್ಕಲಿಗನು ಕೈಚಾಚಲಿಲ್ಲ, ಹೊಳೆ ತಂದದ್ದನ್ನು ಅಲ್ಲಿಯೇ ಇರಗೊಟ್ಟು ಉತ್ತು ಬಿತ್ತಿದನು. ಅವನ ತರುವಾಯ ಬಂದವನಿಗೂ ಆ ಮಣ್ಣು ಉಳಿಯಿತು.

ಇಟ್ಟಂಗಿ ಭಟ್ಟಿಗೆ ಹೊಳೆದಂಡೆಯ ಮೇಲ್ಮಣ್ಣನ್ನು ಲಾರಿಗಟ್ಟಲೆ ಕೊಳ್ಳುವ ವ್ಯಾಪಾರದ ಮಾತು ಬೇರೆ. ಹೊಲದವನು ಒಪ್ಪಿದ್ದಾನೆ, ಹಣ ಸಂದಿದೆ, ಕಳವು ಹೇಗಾದೀತು ಎನ್ನಬಹುದು. ಸಾಲದಲ್ಲಿರುವ ರೈತನಿಗೆ ಆ ಹಣ ಬೇಕು, ಮನೆ ಕಟ್ಟುವವನಿಗೆ ಇಟ್ಟಂಗಿ ಬೇಕು, ಇವನ್ನು ತಳ್ಳಿಹಾಕಲಾಗದು. ಆದರೆ ಒಂದು ಬೆಳೆಯನ್ನು ಮಾರಿದವನು ಮರುವರ್ಷ ಮತ್ತೊಂದನ್ನು ಬೆಳೆಯುತ್ತಾನೆ. ತಲೆಮಾರುಗಳಲ್ಲಿ ಕೂಡಿದ ಮಣ್ಣನ್ನು ಮಾರಿದವನು ಇನ್ನೂ ಹುಟ್ಟದ ಮೊಮ್ಮಕ್ಕಳ ಪಾಲನ್ನೂ ಮಾರುತ್ತಾನೆ. ಅವರ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಸರ್ವಸಾಧಾರಣವೆಂಬ ಕಾರಣಕ್ಕೆ ದೊರೆತ ವಿನಾಯಿತಿ, ಉಳಿದವರಿಗೆ ಏನೂ ಉಳಿಯದಂತೆ ತೆಗೆದಾಗ ತಾನೇ ಬಿದ್ದುಹೋಗುತ್ತದೆ. ಆ ಮಾತು ಹಿಡಿಮಣ್ಣಿಗೆ ಸಲ್ಲುತ್ತದೆ, ಲಾರಿಗೆ ಸಲ್ಲದು.

ಮೇಲಾಗಿ, ಹೋದ ಮಣ್ಣನ್ನು ಹೊಳೆ ಮೊದಲಿನಂತೆ ತಂದು ತುಂಬುವ ಕಾಲವೂ ಇದಲ್ಲ. 1970ರ ದಶಕದಿಂದ ನವಿಲುತೀರ್ಥದ ಅಣೆಕಟ್ಟು ಮಲಪ್ರಭೆಯನ್ನು ತಡೆದಿದೆ. ಅದು ಬರದ ನಾಡಿಗೆ ನೀರಿತ್ತ ಉಪಕಾರ ದೊಡ್ಡದು. ಆದರೆ ಹೊಲ ಸೇರಬೇಕಾದ ಮೆಕ್ಕಲಿನಲ್ಲಿ ಬಹುಭಾಗ ಅಣೆಕಟ್ಟಿನ ಹಿಂದೆಯೇ ಹೂಳಾಗಿ ಕೂಡುತ್ತದೆ. ನೆರೆಯ ತುಂಗಭದ್ರಾ ಜಲಾಶಯವು 1953ರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು; ಹೂಳಿನಿಂದಾಗಿ ಈಗ ಸುಮಾರು 105ಕ್ಕೆ ಇಳಿದಿದೆ. ಹಂಚಿದಾಗ ಅನ್ನವಾದುದು ಕೂಡಿಟ್ಟಾಗ ಭಾರವಾಯಿತು. ಪರಿಗ್ರಹದ ಸ್ವಭಾವವೂ ಇದೇ.

ಗೃಹಸ್ಥನು ಉದ್ಯೋಗೀ ಹಿಂಸೆಯನ್ನು ಪೂರ್ತಿ ಬಿಡಲಾರನು, ಪೃಥ್ವೀಕಾಯಿಕ ಜೀವಿಗಳನ್ನು ನೋಯಿಸದೆ ಮನೆ ಏಳದು. ಆದರೆ ಪ್ರಮಾಣವನ್ನು ಗೊತ್ತುಮಾಡಬಲ್ಲನು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಹೂಳನ್ನು ಊರವರ ಒಪ್ಪಿಗೆಯಿಂದ ತೆಗೆದರೆ ಕೆರೆಗೂ ಹಿತ, ಹೊಲಕ್ಕೂ ಹಿತ. ಮಿಕ್ಕದ್ದು ಭಟ್ಟಿಗೂ ಆದೀತು. ಬಾಗಲಕೋಟೆ, ಇಳಕಲ್ಲಿನ ನಮ್ಮ ವ್ಯಾಪಾರಿ ಬಂಧುಗಳು ಮನೆಯನ್ನೋ ಬಸದಿಯನ್ನೋ ಕಟ್ಟಿಸುವಾಗ ಇಟ್ಟಂಗಿಯ ದರದೊಡನೆ ಅದರ ಮಣ್ಣು ಎಲ್ಲಿಯದೆಂದೂ ಕೇಳಲಿ. ಹೊಳೆದಂಡೆಯ ಹೊಲದ್ದಾದರೆ ಬೇಡವೆನ್ನಲಿ. ಅಚೌರ್ಯಾಣುವ್ರತದ ಪಾಲನೆಯಲ್ಲಿ ಈ ಪ್ರಶ್ನೆಯೂ ಸೇರುತ್ತದೆ.